ನೆಟ್ಟಗಾದ ಹನ್ನೆರಡು ಗಾಳ

ಗಾಳ ಮುರಿದಿರಲಿಲ್ಲ. ನೆಟ್ಟಗಾಗಿತ್ತು.

ಹುಚ್ಚೀರಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ಕೊರ್ಲಹಳ್ಳಿ ಹೊಳೆದಂಡೆಯ ಬಂಡೆಯ ಮೇಲೆ ಕುಳಿತಿದ್ದ. ಧಾರವಾಡದಿಂದ ಜಿಲ್ಲೆ ಒಡೆದ ವರ್ಷ ಮುಂಡರಗಿಗೆ ವರ್ಗವಾಗಿ ಬಂದು, ಅಲ್ಲಿಯೇ ಹವಾಲ್ದಾರನಾಗಿ ನಿವೃತ್ತನಾದವನು ಅವನು. ಆಮೇಲೆ ಹಚ್ಚಿಕೊಂಡದ್ದು ಮೀನು ಹಿಡಿಯುವ ಚಟವೊಂದೇ. ಬೆಳಗಿನಿಂದ ಕಾದು, ಒಂದು ತಾಸು ಎಳೆದಾಡಿ, ದಂಡೆಯಿಂದ ಎರಡು ಮಾರು ದೂರಕ್ಕೆ ತಂದಿದ್ದ ಬಾಳಿ ಮೀನು. ಅದರ ಮೀಸೆಯನ್ನು ಕಣ್ಣಾರೆ ಕಂಡಿದ್ದ. ಅಷ್ಟರಲ್ಲಿ ದಾರ ಹಗುರವಾಯಿತು. ಗಾಳದ ಕೊರಳಿಗೆ ಎರಕ ಹೊಯ್ದ ಸೀಸದ ಗುಂಡು ಹಾಗೆಯೇ ಇತ್ತು. ಕೊಕ್ಕೆ ಮಾತ್ರ ಬಿಚ್ಚಿಕೊಂಡು, ಗೋಣಿಚೀಲ ಹೊಲಿಯುವ ದಬ್ಬಣದ ಹಾಗೆ ನಿಂತಿತ್ತು.

"ಇದು ಹನ್ನೆರಡನೇದ್ರಿ," ಎಂದ ಹಿಂದೆ ನಿಂತಿದ್ದ ಕಲ್ಲಣ್ಣ. ಆ ಊರಿನ ಮೀನುಗಾರರ ಹಿರಿಯ. ಧೋತರದ ಗಂಟು ಬಿಚ್ಚಿ ಹನ್ನೊಂದು ಗಾಳಗಳನ್ನು ಬಂಡೆಯ ಮೇಲೆ ಸುರಿದ. ಎಲ್ಲವೂ ನೆಟ್ಟಗಾದವೇ.

"ಹನ್ನೊಂದು ಗಂಟಿನ್ಯಾಗ ಇಟಗೊಂಡು ನನ್ನ ಕೈಗೆ ಹನ್ನೆರಡನೇದು ಕೊಟ್ಟಿ?"

"ಹವಾಲ್ದಾರ ಕೈ ಬ್ಯಾರೆ, ನೋಡೂಣು ಅಂತ ಕೊಟ್ಟೆ."

ಹುಚ್ಚೀರಪ್ಪ ತನ್ನ ಕೈಯಲ್ಲಿದ್ದುದನ್ನೂ ಆ ಹನ್ನೊಂದರ ಪಕ್ಕಕ್ಕಿಟ್ಟ. ಬೈಯಲು ಹೋದರೆ ಬಹಳ ಬೈಯಬೇಕಾಗುತ್ತಿತ್ತು.

"ಯಾರು ಮಾಡಿದ್ದು?"

"ಬೆಟಗೇರಿ ಕರೀಮಸಾಬ. ಎಂಟು ವರ್ಷದಿಂದ ಅವನವ ತರತೀವಿ. ಒಂದೂ ಹಿಂಗ ಬಾಯಿ ಬಿಟ್ಟಿದ್ದಿಲ್ಲ. ಹೋದ ವಾರ ಹೋಗಿ ಹೇಳಿ ಬಂದೆ. ಹೇಳಿದ್ದ ತಪ್ಪಾತು ನೋಡ್ರಿ."

"ಯಾಕ?"

"ಅಲ್ಲಿ ಅಮೀರಾ ಅಂತ ಒಬ್ಬ ಹೆಣ್ಮಗಳು ಕೆಲಸ ಮಾಡತಾಳ. ಛಲೋ ಗಾಳ ಮಾರ್ಕೊಂಡು ಹಗರ ಗಾಳ ತಂದಿಟ್ಟಾಳ ಅಂತ ಆಕಿ ಮ್ಯಾಲ ಹೊರಿಸಿ ಹೊರಗ ಹಾಕ್ಯಾರ. ಗಂಡ ಬಿಟ್ಟಾನ, ಕೈಕೆಲಸ ಒಂದ ಆಕೀದು. ಕಳ್ಳಿ ಅನ್ನಿಸಿಕೊಂಡಾಕಿನ್ನ ಇನ್ನ ಬೆಟಗೇರ್ಯಾಗ ಯಾರು ಒಳಗ ಕರಕೋತಾರ? ಕದ್ದಿದ್ರ ಹೋಗ್ಲಿ. ಕದ್ದಿಲ್ಲದಿದ್ರ, ನನ್ನ ಬಾಯಿಂದ ಆದ ಕೆಟ್ಟ ಅದು."

"ನಂದು ಹತ್ತು ಕಿಲೋದ ಮೀನು ಹೋಗೇತಿ. ನನಗ ಮೊದಲ ಅದರ ಜವಾಬು ಬೇಕು."

ಹಾಗೆಂದವನೇ ಮರುದಿನ ಮುಂಜಾನೆ ಕಲ್ಲಣ್ಣನಿಗಿಂತ ಮೊದಲು ಬಸ್ ನಿಲ್ದಾಣಕ್ಕೆ ಬಂದು ನಿಂತಿದ್ದ.

ಕರೀಮಸಾಬನ ಕಾರ್ಖಾನೆ ಅಂದರೆ ನೇಕಾರರ ಓಣಿಯ ಕೊನೆಯಲ್ಲಿ ತಗಡು ಹೊದಿಸಿದ ಒಂದು ಖೋಲಿ. ಒಂದು ಬದಿಗೆ ಇದ್ದಿಲ ಒಲೆ, ತಿದಿ, ಸೀಸ ಕಾಸುವ ಬೋಗುಣಿ. ಅದರ ಮುಂದೆ ಎರಡು ಅಚ್ಚುಗಳು: ಹಳೆಯದು ಕಲ್ಲಿನದು, ಹೊಸದು ಕಬ್ಬಿಣದ್ದು. ಬಾಗಿಲ ಹತ್ತಿರ ಅಡಿಗಲ್ಲು, ಸುತ್ತಿಗೆ, ಉಳಿಯಂಥ ಚಾಣ. ಅವುಗಳ ಹಿಂದೆ ಯಾರೂ ಕುಳಿತಿರದ ಚಾಪೆ.

ಮುದುಕ ಕರೀಮಸಾಬ ಕಲ್ಲಚ್ಚಿನ ಹಿಂದೆ ಕುಳಿತಿದ್ದ. ನಲವತ್ತು ವರ್ಷ ಓಣಿ ಓಣಿ ತಿರುಗಿ ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕಿದವನು. ಮನೆಗಳಲ್ಲಿ ಸ್ಟೀಲು ಬಂದು ಕಲಾಯಿ ನಿಂತ ಮೇಲೆ ಸೀಸಕ್ಕೆ ಕೈ ಹಾಕಿದ್ದ. ಕಬ್ಬಿಣದ ಅಚ್ಚು ಅವನ ಅಕ್ಕನ ಮಗ ಖಲೀಲನದು. ಮೂವತ್ತರ ಆಸುಪಾಸಿನ ಖಲೀಲ ಬಂದವರನ್ನು ಕಂಡೊಡನೆ ಸೌಟು ಕೆಳಗಿಟ್ಟ.

"ಕಲ್ಲಣ್ಣಾರ, ಮತ್ತೆಷ್ಟು ತಂದೀರಿ?"

"ಒಂದ. ಆದರ ಇದು ಹವಾಲ್ದಾರ್ದು."

ಹುಚ್ಚೀರಪ್ಪ ನೆಟ್ಟಗಾದ ಗಾಳವನ್ನು ಮುದುಕನ ಕೈಗೆ ಕೊಟ್ಟ. ಕರೀಮಸಾಬ ಅದರ ಮೇಲೆ ಹೆಬ್ಬೆರಳು ಆಡಿಸಿದ. ಎರಡು ಸಲ ಆಡಿಸಿದ. ಹಿಂದಕ್ಕೆ ಕೊಟ್ಟ.

"ಗಾಳ ಎಲ್ಲಿಂದ ತರಸ್ತೀರಿ?"

"ಕಲಕತ್ತಾದಿಂದ," ಎಂದ ಖಲೀಲ. "ಕರೀ ಗಾಳ. ದಾರ ಕಟ್ಟೋ ಕಿವ್ಯಾಗ ಸಣ್ಣ ಗೀರು ಇರತೈತಿ, ಅದ ಅದರ ಗುರುತು. ಇದನ್ನ ನೋಡ್ರಿ, ಬೆಳ್ಳಿ ಹಂಗ ಹೊಳೀತೈತಿ. ಗೀರೂ ಇಲ್ಲ. ಬಜಾರದಾಗಿನ ಹಗರ ಮಾಲು."

"ಇವಕ್ಕ ಎರಕ ಹೊಯ್ದಾಂವ ಯಾರು?"

"ನಾನ."

"ಹೊಯ್ಯುವಾಗ ಹೊಳಪು ಕಾಣಲಿಲ್ಲೇನು?"

"ಕಂಡಿತ್ತು. ಗಾಳದ ಪೆಟ್ಟಿಗ್ಯಾಗ ಇದ್ವು. ಹೊಸಾವು ಬಂದಾವ ಅಂತ ತಿಳಕೊಂಡೆ. ಕೇಳಬೇಕಾಗಿತ್ತು, ಕೇಳಲಿಲ್ಲ."

"ಮತ್ತ ಆ ಹೆಣ್ಮಗಳು ಹೆಂಗ ಕಳ್ಳಿ ಆದ್ಲು?"

ಖಲೀಲ ಮೂಲೆಯಲ್ಲಿದ್ದ ತಗಡಿನ ಡಬ್ಬಿಯನ್ನು ಕಾಲಿನಿಂದ ಮುಂದಕ್ಕೆ ಸರಿಸಿದ. ಒಳಗೆ ನಾಲ್ಕಾರು ಕೆಟ್ಟ ಎರಕಗಳಿದ್ದವು. ಒಂದು ಅರ್ಧವೇ ತುಂಬಿತ್ತು. ಇನ್ನೊಂದರ ಬದಿಗೆ ಸೀಸ ಸೋರಿ ತೆಳ್ಳನೆಯ ರೆಕ್ಕೆ ಮೂಡಿತ್ತು.

"ಕೆಟ್ಟದ್ದನ್ನ ಇದರಾಗ ಒಗೀತೀವಿ. ಗಾಳ ಛಲೋ ಇರತಾವಲ್ಲ, ಅದಕ್ಕ. ಚಾಣ ಇಟ್ಟು ಸೀಳಿ, ಗಾಳ ಬ್ಯಾರೆ ಸೀಸ ಬ್ಯಾರೆ ಮಾಡೂದು ಅಮೀರಾನ ಕೆಲಸ. ನಾ ಮದವಿಗಂತ ಹಿರೇವಡ್ಡಟ್ಟಿಗೆ ಹೋಗುವಾಗ ಡಬ್ಬಿ ತುಂಬಿತ್ತು, ನೂರರ ಮ್ಯಾಲ. ಮೂರು ದಿನ ಬಿಟ್ಟು ಬಂದ್ರ ಡಬ್ಬಿ ಖಾಲಿ. ಕರೀ ಗಾಳ ಒಂದೂ ಇಲ್ಲ, ಪೆಟ್ಟಿಗಿ ತುಂಬ ಬಿಳೇವು. ಕೀಲಿ ಯಾರ ಹಂತ್ಯಾಕ ಇತ್ತು? ಆಕಿ ಹಂತ್ಯಾಕ."

"ಒಂದ ಕೀಲಿ?"

"ಎರಡು," ಎಂದ ಖಲೀಲ. "ಇನ್ನೊಂದು ಮಾಮಾನ ಮನ್ಯಾಗ, ಮೊಳಿಗೆ."

"ಅಲ್ಲೋ, ಇಷ್ಟಕ್ಕ ಚಾಣ ಸುತಗಿ ಯಾಕ?" ಎಂದ ಹುಚ್ಚೀರಪ್ಪ. " ಡಬ್ಬಿನ್ನ ಬೋಗುಣಿಗೆ ಸುರುವಿ ಕಾಸಿದ್ರ ಸೀಸ ತಾನ ಬಿಡೂದಿಲ್ಲೇನು?"

ಕರೀಮಸಾಬ ಮೊದಲ ಸಲ ಬಾಯಿ ತೆರೆದ. "ಗಾಳಕ್ಕ ಬೆಂಕಿ ತೋರಸಬಾರದು. ಹದಾ ಹೋಗತೈತಿ."

"ಎರಕ ಹೊಯ್ಯುವಾಗ ಬಿಸಿ ತಗಲೂದಿಲ್ಲೇನು?"

"ಕೊರಳಿಗಷ್ಟ. ಕಣ್ಣು ಪಿಳುಕಿಸೂದ್ರಾಗ ಆರತೈತಿ. ಕೊಕ್ಕಿ ಅಚ್ಚಿನ ಹೊರಗ ಇರತೈತಿ."

"ಹೂಂ. ಮತ್ತ ನೂರು ಎರಕ ಕೆಡೂದು ಯಾಕ? ಕಸಬು ಕಲಿಯೋರ ಮನ್ಯಾಗ ಕೆಡಬೇಕು ನೂರು."

ಮಾವ ಒಲೆಯ ಕಡೆ ತಿರುಗಿದ. ಖಲೀಲನ ದನಿಯಲ್ಲಿ ಬೇಸರ ತುಂಬಿತು. "ಅದನ್ನ ನಾನೂ ಕೇಳಿ ಕೇಳಿ ಸಾಕಾಗಿ, ಊರಿಂದ ಬಂದು ಡಬ್ಬಿ ಸುರುವಿ ನೋಡತೀನಿ ಅಂದಿದ್ದೆ. ಕಲ್ಲಚ್ಚಿನ ಎರಕ ಒರಟು, ಕಬ್ಬಿಣದ ಅಚ್ಚಿಂದು ನುಣುಪು. ಯಾವ ಅಚ್ಚಿನವು ಎಷ್ಟು ಕೆಟ್ಟಾವ ಅಂತ ಗೊತ್ತಾಗತಿತ್ತು. ನೋಡೂದರಾಗ ಮಾಲ ಇಲ್ಲ."

"ಇವರ ಮಾತು ಕೇಳಿದ್ರ," ಎಂದ ಕಲ್ಲಣ್ಣ, "ಕರೀ ಗಾಳ ಎದ್ದು ಹೋಗ್ಯಾವ, ಬಿಳೇವು ತಾವ ನಡಕೊಂತ ಬಂದು ಕುಂತಾವ."

ಸೀಸ ಬೇಕಾದವರು ಇನ್ನಾರಿದ್ದಾರೆ ಎಂದು ಹುಚ್ಚೀರಪ್ಪ ಕೇಳಿದ್ದಕ್ಕೆ ಖಲೀಲ ಪಕ್ಕದ ಗೋಡೆ ತೋರಿಸಿದ. ಆ ಗೋಡೆಯಾಚೆ ಪ್ರಭುಲಿಂಗನ ಕೈಮಗ್ಗ. ಸೀರೆಯ ಅಂಚಿಗೆ ಹೂ ಎತ್ತುವ ದಾರಗಳು ಮಗ್ಗದ ಕೆಳಗೆ ಬಿಗಿಯಾಗಿ ನಿಲ್ಲಬೇಕಾದರೆ ತೂಕ ಕಟ್ಟಬೇಕು. ಅದಕ್ಕೆ ಸೀಸವೂ ಆದೀತು.

ಪ್ರಭುಲಿಂಗ ಲಾಳಿ ನಿಲ್ಲಿಸದೆಯೇ ಪ್ರಶ್ನೆ ಕೇಳಿಸಿಕೊಂಡ. ಆಮೇಲೆ ಎದ್ದು ಬಂದು ಮಗ್ಗದ ಕೆಳಗೆ ಬಗ್ಗಲು ಹೇಳಿದ.

"ನೋಡ್ರಿ. ಮುಟ್ಟಿ ನೋಡ್ರಿ. ಎಲ್ಲಾ ಕಬ್ಬಿಣ, ನಮ್ಮಜ್ಜನ ಕಾಲದ್ದು, ಜಂಗ ಹಿಡದೈತಿ. ಸೀಸ ಕದಿಯೋ ಮಂದಿ ಮಾರಿ ಹಿಂಗಿರತಾವೇನು? ಅದಿರಲಿ. ಪೊಲೀಸರು ಬಂದೀರಿ, ನನ್ನ ಹೊಗಿ ಫಿರ್ಯಾದಿ ಬರಕೊಳ್ರಿ."

"ನಾ ರಿಟೈರ ಆಗೀನಿ."

"ಆದ್ರೂ ಕೇಳ್ರಿ. ಯಾರೂ ಕೇಳವಲ್ಲರು. ಖಲೀಲ ಮದವಿಗೆ ಹೋಗಿದ್ನಲ್ಲ, ಆ ಐತವಾರ ಮುಂಜಾನೆ. ಆ ಖೋಲ್ಯಾಗಿಂದ ಹೊಗಿ ಬಂತು ನೋಡ್ರಿ, ಅರಳಿ ಹಿಂಜಿದಂಗ ಬೆಳ್ಳಗ. ಗಂಟಲದಾಗ ಉಪ್ಪುಪ್ಪು. ಕೆಮ್ಮೂದ್ರಾಗ ಹನ್ನೆರಡು ಎಳಿ ಹರದ್ವು."

"ದಿನಾ ಬರೂದಿಲ್ಲೇನು ಹೊಗಿ?"

"ದಿನಾ ಬರೂದು ಇದ್ದಿಲ ಹೊಗಿ. ಕರ್ರಗ. ಅದರ ಜೋಡಿ ನಾ ಸಂಸಾರ ಮಾಡೀನಿ. ಬೈಯೂಣು ಅಂತ ಹೋದ್ರ ಬಾಗಲಾ ಒಳಗಿಂದ ಹಾಕಿತ್ತು."

"ಒಳಗ ಯಾರಿದ್ರು?"

"ಬಾಗಲಾ ಹಾಕಿದ ಮ್ಯಾಲ ಯಾರಿದ್ರ ಏನ್ರಿ, ಹೊಗಿ ಹೊಗಿನ."

ಹೊರಗೆ ಬಂದ ಮೇಲೆ ಕಲ್ಲಣ್ಣ ಮೂಗು ಉಜ್ಜಿಕೊಂಡ. "ಗಾಳದ ವಿಚಾರಕ್ಕ ಬಂದ್ರ ಹೊಗಿ ವಿಚಾರ ಹಚ್ಚಿದ. ನಡೀರಿ." ಹುಚ್ಚೀರಪ್ಪ ನಡೆದ, ಆದರೆ ನಡೆಯುತ್ತ ಎರಡು ಸಲ ಹಿಂದಿರುಗಿ ತಗಡಿನ ಖೋಲಿಯನ್ನು ನೋಡಿದ.

ಅಮೀರಾ ಎರಡು ಓಣಿ ಆಚೆ, ತವರುಮನೆಯ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಬಂದವರು ಯಾರೆಂದು ಕಲ್ಲಣ್ಣ ಹೇಳಿ ಮುಗಿಸುವವರೆಗೆ ತಲೆ ಎತ್ತಲಿಲ್ಲ.

"ಕದ್ದೀಯೇನು ಅಂತ ಕೇಳಾಕ ಬಂದೀರಿ. ಇಲ್ಲ. ಆತಲ್ಲ, ಹೋಗ್ರಿ."

"ಕುಂಡ್ರು ಅಂತರ ಅನ್ನವಾ, ಬಸ್ಸಿನ್ಯಾಗ ನಿಂತು ಬಂದೀನಿ," ಎಂದ ಹುಚ್ಚೀರಪ್ಪ.

ಅವಳು ಮೊರ ಸರಿಸಿ ಜಾಗ ಮಾಡಿದಳು.

"ಆ ಐತವಾರ ಕೆಲಸಕ್ಕ ಹೋಗಿದ್ದೇನು?"

"ಐತವಾರ ನನಗ ಸೂಟಿ. ಸೋಮವಾರ ಹೋದೆ. ಡಬ್ಬಿ ಖಾಲಿ ಇತ್ತು. ಪೆಟ್ಟಿಗ್ಯಾಗ ಬಿಳೇ ಗಾಳ ಇದ್ವು."

"ಎಲ್ಲಿಂದ ಬಂದ್ವು ಅಂತ ಕೇಳಲಿಲ್ಲ?"

"ಕೆಲಸಕ್ಕ ಹೋಗಿದ್ದೆ. ಪಂಚಾಯ್ತಿಗಲ್ಲ."

"ಒಲಿ ಮುಂದ ಎಂದರ ಕುಂತಿದ್ದೇನು? ಸೀಸ ಕಾಸಾಕ?"

"ನನ್ನ ಯಾರು ಕುಂಡ್ರಸ್ತಾರ? ಹೆಣ್ಮಕ್ಕಳಿಗೆ ಸೀಸ ಸಿಡೀತೈತಿ ಅಂತಾರ. ಮನ್ಯಾಗ ಒಗ್ಗರಣಿ ಏನು ಗಂಡಸರ ಮ್ಯಾಲ ಸಿಡೀತೈತೇನು?"

ಹುಚ್ಚೀರಪ್ಪ ತನ್ನ ನೆಟ್ಟಗಾದ ಗಾಳವನ್ನು ಅವಳ ಮುಂದಿಟ್ಟ. "ಸೀಳು ನೋಡೂಣು."

ಅವಳು ಒಳಗೆ ಹೋಗಿ ಒಂದು ಚಾಣ ತಂದಳು. ಕಟ್ಟೆಯ ಕಲ್ಲಿನ ಮೇಲೆ ಗುಂಡನ್ನಿಟ್ಟು, ಅದರ ಬೆನ್ನಿಗೆ ಚಾಣ ಹಿಡಿದು, ಗುಂಡುಕಲ್ಲಿನಿಂದ ಒಂದೇ ಪೆಟ್ಟು ಕೊಟ್ಟಳು. ಸೀಸ ಕಡಲೆಬೀಜದ ಹಾಗೆ ಇಬ್ಭಾಗವಾಯಿತು. ಗಾಳಕ್ಕೆ ಗೀರೂ ಬೀಳಲಿಲ್ಲ. ಹುಚ್ಚೀರಪ್ಪ ಚಾಕು ತೆಗೆದು ಗಾಳದ ಕಿವಿಯ ಹತ್ತಿರ ಕೆರೆದ. ಕೊಕ್ಕೆಯ ಹತ್ತಿರ ಕೆರೆದ. ಬಿಸಿಲಿಗೆ ಹಿಡಿದು ನೋಡಿ, ಚಾಕು ಮಡಚಿದ.

"ನಿನ್ನ ಕಳ್ಳಿ ಅಂದಾಗ ಮುದುಕ ಏನಂದ?"

ಮತ್ತೆ ಮೊರಕ್ಕೆ ಹೋಗಿದ್ದ ಅವಳ ಕೈ ನಿಂತಿತು. "ಏನೂ ಅನ್ನಲಿಲ್ಲ."

"ಏಳು. ಖೋಲಿಗೆ ಹೋಗೂಣು."

"ನಾ ಆ ಹೊಸ್ತಿಲಾ ದಾಟೂದಿಲ್ಲ."

"ಹೊರಗ ನಿಂದ್ರು. ಕೇಳಿದ್ರ ಸಾಕು."

ಪ್ರಭುಲಿಂಗನನ್ನೂ ಮಗ್ಗದಿಂದ ಎಬ್ಬಿಸಿದರು. ಅವನು ಗೊಣಗುತ್ತಲೇ ಬಂದು ಬಾಗಿಲಿಗೆ ಒರಗಿದ. ಅಮೀರಾ ಹೊರಗಿನ ಮೆಟ್ಟಿಲ ಹತ್ತಿರ ನಿಂತಳು.

"ನೀವೆಲ್ಲಾ ಒಂದು ತಪ್ಪು ತಿಳಕೊಂಡೀರಿ," ಎಂದ ಹುಚ್ಚೀರಪ್ಪ. "ಗಾಳ ಬದಲಿ ಆಗ್ಯಾವ ಅಂತ. ಬದಲಿ ಆಗಿಲ್ಲ. ಖಲೀಲ, ಈ ಕಿವಿ ನೋಡು. ಕೆರದೀನಿ."

ಖಲೀಲ ಬೆಳಕಿಗೆ ಹಿಡಿದ. ಬಿಳಿಯ ಹೊಳಪಿನ ಕೆಳಗೆ, ತುಂಬಿ ಮುಚ್ಚಿಹೋಗಿದ್ದ ಸಣ್ಣ ಗೀರು ಎದ್ದಿತ್ತು. "ಇದು... ಕಲಕತ್ತಾದ್ದು?"

"ಕಲಕತ್ತಾದ್ದ. ನಿಮ್ಮ ಡಬ್ಬಿಯಾಗಿನದ್ದ. ಆದರ ಚಾಣದಿಂದ ಬಂದದ್ದಲ್ಲ. ಯಾರೋ ಡಬ್ಬಿನ್ನ ಬೋಗುಣಿಗೆ ಸುರುವಿ ತಿದಿ ಒತ್ಯಾರ. ಸೀಸ ಕರಗಿತು. ಉಕ್ಕು ಸೀಸದ ಮ್ಯಾಲ ತೇಲತೈತಿ. ತೂತಿನ ಝಾರಿ ಹಾಕಿ ಎತ್ತಿದ್ರ ನೂರು ಗಾಳ ಒಂದು ತಾಸಿನ ಕೆಲಸ. ಹದಾ ಹೋತು. ಹದಾ ಇದ್ದ ಗಾಳ ಬಹಳ ಜಗ್ಗಿದ್ರ ಮುರೀತೈತಿ, ನೆಟ್ಟಗ ಆಗೂದಿಲ್ಲ. ಹನ್ನೆರಡೂ ನೆಟ್ಟಗ ಆದ್ವು, ಒಂದೂ ಮುರೀಲಿಲ್ಲ. ಇದನ್ನ ನಾ ಹೊಳಿ ದಂಡ್ಯಾಗ ತಿಳಕೋಬೇಕಾಗಿತ್ತು. ಮೀನು ಹೋದ ಸಿಟ್ಟಿನ್ಯಾಗ ತಿಳೀಲಿಲ್ಲ."

"ಕಾಸಿದ ಗಾಳ ನೀಲಿ ಬೀಳತೈತ್ರಿ," ಎಂದ ಖಲೀಲ. "ಹೊಳಪು ಎಲ್ಲಿಂದ ಬರತೈತಿ?"

"ಅದನ್ನ ನೀ ಕೇಳ್ತಿ ಅಂದ್ರ ನೀ ಅಲ್ಲ ಅಂತಾತು. ನೀಲಿ ಬಿದ್ದಿದ್ವು, ಕೆರದ್ರ ಒಳಗ ಕಾಣತೈತಿ. ಅದನ್ನ ಮುಚ್ಚಾಕ ಒಬ್ಬರು ತಮಗ ಗೊತ್ತಿದ್ದ ಕೆಲಸಾ ಮಾಡ್ಯಾರ. ಪ್ರಭುಲಿಂಗಪ್ಪ, ಹೊಗಿ ಹೆಂಗಿತ್ತು?"

"ಬೆಳ್ಳಗ. ಉಪ್ಪುಪ್ಪು. ಮೂರು ವಾರದಿಂದ ಬಡಕೊಳ್ಳಾಕತ್ತೀನಿ."

"ಎಲ್ಲಾರೂ ಬಿಟ್ಟ ಗುರುತು ಅದ. ಇದ್ದಿಲಿಗೆ ಆ ಹೊಗಿ ಬರೂದಿಲ್ಲ, ಸೀಸಕ್ಕೂ ಬರೂದಿಲ್ಲ. ನವಸಾಗರಕ್ಕ ಬರತೈತಿ. ನಮ್ಮವ್ವ ಹಂಡೇಕ ಕಲಾಯಿ ಮಾಡಸುವಾಗ ಆ ಹೊಗ್ಯಾಗ ನಾ ಕುಣದೀನಿ. ಕಾಯ್ದ ಲೋಹದ ಮ್ಯಾಲ ನವಸಾಗರ ಉದುರಿಸಿ ತವರ ಸವರಿದ್ರ, ಹಳೇ ಹಂಡೇನೂ ಬೆಳ್ಳಿ ಆಗತೈತಿ. ಗಾಳ ಯಾಕ ಆಗೂದಿಲ್ಲ? ಆದರ ಗಾಳಕ್ಕ ಕಲಾಯಿ ಹಾಕೋ ಬುದ್ಧಿ, ಕಲಾಯಿ ಹಾಕಿ ಹಾಕಿ ಮುದುಕ ಆದಂವಗಷ್ಟ ಬರತೈತಿ. ಈ ಖೋಲ್ಯಾಗ ಅಂಥಾವ್ರು ಒಬ್ಬರ ಅದಾರ."

ಯಾರೂ ಕಲ್ಲಚ್ಚಿನ ಕಡೆ ನೋಡಲಿಲ್ಲ. ನೋಡದಿರಲು ಎಲ್ಲರೂ ಬೇರೆ ಬೇರೆ ಕಡೆ ನೋಡಿದರು.

"ನಾನ ಮಾಡಿದ್ದು," ಎಂದ ಕರೀಮಸಾಬ.

"ಮಾಮಾ..."

"ಸುಮ್ನಿರು. ಕಣ್ಣಾಗ ಪರದಾ ಬಂದೈತಿ. ಅಚ್ಚಿನ ಬಾಯಿ ಕಾಣೂದಿಲ್ಲ, ಅಂದಾಜಿಲೆ ಹೊಯ್ತೀನಿ. ಡಬ್ಬಿಯಾಗ ಎಂಬತ್ತು ನನ್ನವ ಇದ್ವು. ನೀ ಬಂದು ಸುರುವಿದ್ರ ಸೌಟು ಕಸಗೊಂಡು ಮನ್ಯಾಗ ಕುಂಡ್ರಸ್ತಿದ್ದಿ. ಎಲ್ಲಾ ಒಂದ ಸಲ ಕರಗಿಸಿ ಬಿಟ್ರ ಯಾರವು ಎಷ್ಟು ಅಂತ ಅಲ್ಲಾನೂ ಕೇಳೂದಿಲ್ಲ ಅಂದಕೊಂಡೆ. ಗಾಳ ನೀಲಿ ಬೀಳತಾವ ಅಂತ ಗೊತ್ತಿತ್ತು. ಕೈ ತಾನ ನವಸಾಗರಕ್ಕ ಹೋತು."

"ಗಾಳ ಕೊಟ್ಟಾಗ ನೀವು ಕಣ್ಣಿಲೆ ನೋಡಲಿಲ್ಲ, ಬೆರಳಿಲೆ ನೋಡಿದ್ರಿ. ಅವಾಗ ಸಂಶಯ ಬಂತು," ಎಂದ ಹುಚ್ಚೀರಪ್ಪ. "ಗಾಳಕ್ಕ ಬೆಂಕಿ ತೋರಸಬಾರದು ಅಂತ ನನಗ ಪಾಠಾ ಬ್ಯಾರೆ ಹೇಳಿದ್ರಿ. ಇರಲಿ. ಗಾಳ ಹೋದ್ರ ಹೋತು, ಮೀನು ಹೋದ್ರ ಹೋತು. ಆಕಿನ್ನ ಕಳ್ಳಿ ಅಂದಾಗ ಏನಾಗಿತ್ತು ನಿಮಗ?"

"ಬಾಯಿ ಏಳಲಿಲ್ಲ."

ಹುಚ್ಚೀರಪ್ಪ ಟೊಪ್ಪಿಗೆ ತೆಗೆದು ಗಾಳಿ ಬೀಸಿಕೊಂಡ. "ಮೂವತ್ತೆರಡು ವರ್ಷ ನೌಕರಿ ಮಾಡೀನಿ. ಕಳ್ಳರಿಗೆ ಬೈದೀನಿ, ಸುಳ್ಳರಿಗೆ ಬೈದೀನಿ. ನಿಮಗ ಏನಂತ ಬೈಲಿ? ದವಾಖಾನಿಗೆ ಹೋಗಿ ಕಣ್ಣು ತೋರಿಸಿದ್ರ ಮುಗೀತಿತ್ತಲ್ಲ ಮಹಾರಾಯ." ಆಮೇಲೆ ಹೊರಗೆ ತಿರುಗಿದ. "ನಿನಗೂ ಗೊತ್ತಿತ್ತು."

"ಅವರ ಕೆಟ್ಟ ಎರಕ ಸೀಳಾಕಿ ನಾನ," ಎಂದಳು ಅಮೀರಾ. "ಎರಡು ವರ್ಷದಿಂದ ಡಬ್ಬಿ ಹೆಂಗ ತುಂಬತೈತಿ ಅಂತ ನನಗ ಗೊತ್ತಿರಲಾರದ ಯಾರಿಗೆ ಗೊತ್ತಿರತೈತಿ?"

"ಹೇಳಬಾರದಾಗಿತ್ತೇನು?"

"ಅವರ ಹೇಳ್ತಾರ ಅಂತ ಕಾಯ್ದೆ."

ಕರೀಮಸಾಬ ಅಚ್ಚು ಹಿಡಿದುಕೊಂಡು ಎದ್ದ. "ಒಳಗ ಬಾ, ಬೇಟಿ. ತಪ್ಪಾತು."

ಅವಳು ಕದಲಲಿಲ್ಲ. "ನನ್ನ ಕಳ್ಳಿ ಅಂದದ್ದು ಇಲ್ಲಲ್ಲ ಚಾಚಾ. ನೀರು ಬಂದ ದಿನ, ನಳದ ಮುಂದ, ಇಡೀ ಓಣಿ ಕೊಡ ಹಿಡಕೊಂಡು ಪಾಳಿಗೆ ನಿಂತಾಗ ಖಲೀಲ ಅಂದಾನ. ನೀವು ಬಾಜೂಕ ಇದ್ರಿ. ಅಲ್ಲೇ ಬಂದು ಹೇಳ್ರಿ."

"ನೀರು ಯಾವಾಗ ಬರತೈತಿ ಅಂತ ಯಾರಿಗೆ ಗೊತ್ತು?" ಎಂದ ಖಲೀಲ. "ಎಂಟು ದಿನಕ್ಕೋ, ಹದಿನೈದು ದಿನಕ್ಕೋ."

"ಬಂದಾಗ ಬರಲಿ," ಎಂದು ಅವಳು ಹೊರಟುಹೋದಳು.

ನೀರು ಬಂದದ್ದು ಒಂಬತ್ತನೆಯ ದಿನ, ಮುಂಜಾನೆ ಹತ್ತಕ್ಕೆ. ಖಲೀಲ ಮಾವನ ರಟ್ಟೆ ಹಿಡಿದು ನಳದ ಹತ್ತಿರ ತಂದು ನಿಲ್ಲಿಸಿದ. ಪಾಳಿಯಲ್ಲಿ ಇಪ್ಪತ್ತು ಮಂದಿ. ಕೊಡಗಳು, ಬಕೀಟುಗಳು, ಜಗಳ. ಅಮೀರಾ ಏಳನೆಯವಳು. ಕರೀಮಸಾಬ ಗಂಟಲು ಸರಿ ಮಾಡಿಕೊಂಡು ಹೇಳಿದ. ಯಾರಿಗೂ ಕೇಳಲಿಲ್ಲ. ಮತ್ತೊಮ್ಮೆ ಹೇಳಿದ.

"ಏನಂತಾನ ಈ ಮುದುಕ?" ಎಂದಳು ನಳಕ್ಕೆ ಕೊಡ ಹಚ್ಚಿದ್ದ ಹನಮಂತವ್ವ. "ನೀರಿನ ಸಪ್ಪಳಕ್ಕ ಒಂದೂ ತಿಳಿಯವಲ್ದು."

"ಅಮೀರಾನ ಮಾತು," ಎಂದ ಖಲೀಲ, ನೆಲ ನೋಡುತ್ತ.

ಹನಮಂತವ್ವ ಅಮೀರಾಳನ್ನು ನೋಡಿದಳು; ಮುದುಕನನ್ನು ನೋಡಿದಳು. ಕೊಡ ಅರ್ಧವೇ ತುಂಬಿತ್ತು. ಕೈ ಚಾಚಿ ನಳ ಬಂದ್ ಮಾಡಿದಳು. ಹಿಂದಿನಿಂದ ಎರಡು ದನಿಗಳು ಬೈದವು. ಅವಳು ನಳದ ಮೇಲಿನ ಕೈ ತೆಗೆಯಲಿಲ್ಲ.

"ಈಗ ಹೇಳ್ರಿ. ಜಲ್ದಿ ಹೇಳ್ರಿ."

"ಅಮೀರಾ ಕದ್ದಿಲ್ಲ," ಎಂದ ಕರೀಮಸಾಬ. "ಗಾಳ ಕೆಡಿಸಿದಂವ ನಾನು. ಗೊತ್ತಿದ್ದೂ ಬಾಯಿ ಮುಚಗೊಂಡು ನಿಂತಿದ್ದೆ. ಇಲ್ಲೇ, ಈ ಜಾಗಾದಾಗ."

ಪಾಳಿಯಲ್ಲಿದ್ದವರು ಅಮೀರಾಳ ಕಡೆ ತಿರುಗಿದರು.

"ಎಲ್ಲಾರಿಗೂ ಕೇಳಿತಿಲ್ಲೋ?" ಎಂದು ಹನಮಂತವ್ವ ಪಾಳಿಯ ಕೊನೆಯವರೆಗೂ ನೋಡಿದಳು. ಕೇಳಿತ್ತು. ಅವಳು ನಳ ಬಿಟ್ಟಳು.

ಅಮೀರಾ ಕಾಲಿನಿಂದ ತನ್ನ ಕೊಡವನ್ನು ಒಂದು ಗೇಣು ಮುಂದಕ್ಕೆ ಸರಿಸಿದಳು. "ನಾಳೆ ಬರತೀನಿ ಚಾಚಾ," ಎಂದಳು. "ಒಲಿ ಮುಂದ ಕುಂಡ್ರತೀನಿ. ಅಚ್ಚಿನ ಬಾಯಿ ನನಗ ಕಾಣತೈತಿ."